ನ್ಯಾಯಪೀಠ ಮತ್ತು ಮಾಧ್ಯಸ್ಥ್ಯಭಾವ

ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯಗಳೊಡನೆ ಮಾಧ್ಯಸ್ಥ್ಯವನ್ನೂ ವ್ರತಿಯ ಭಾವನೆಗಳಲ್ಲಿ ಎಣಿಸಿದೆ. ನ್ಯಾಯಾಧೀಶನಿಗಂತೂ ಮಾಧ್ಯಸ್ಥ್ಯವೇ ವೃತ್ತಿಧರ್ಮ. ಅವನನ್ನು ನೇಮಿಸುವವರಿಗೆ?

1973ರ ಏಪ್ರಿಲ್ 24ರಂದು ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡಿಸಲಾಗದೆಂದು ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠವು 7–6ರ ಬಹುಮತದಿಂದ ತೀರ್ಪಿತ್ತಿತು. ಎರಡೇ ದಿನಗಳಲ್ಲಿ ಅಲ್ಪಮತದ ಎ. ಎನ್. ರೇ ಅವರು ಮುಖ್ಯ ನ್ಯಾಯಮೂರ್ತಿಗಳಾದರು. ಅವರಿಗಿಂತ ಹಿರಿಯರಾಗಿ ಬಹುಮತದಲ್ಲಿದ್ದ ಶೇಲತ್, ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆಯಿತ್ತರು. ನ್ಯಾಯಾಧೀಶರ ಸಾಮಾಜಿಕ ದೃಷ್ಟಿಯನ್ನೂ ಸರ್ಕಾರ ಪರಿಗಣಿಸಬೇಕೆಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿದರು. ಕೇಳಲು ಸೊಗಸಾದ ಮಾತು. ಆದರೆ ಕೊಳ್ಳುವವನೇ ತಕ್ಕಡಿಯನ್ನು ಆರಿಸಿಕೊಳ್ಳುವುದಾದರೆ ತೂಕಕ್ಕೆ ಬೆಲೆಯೇನು?

ಹಾಗೆಂದು ಏಕಾಂತದೃಷ್ಟಿಯೂ ಸಲ್ಲದು. ಹೆಗ್ಡೆಯವರೂ 1952ರಿಂದ ರಾಜ್ಯಸಭೆಯ ಕಾಂಗ್ರೆಸ್ ಸದಸ್ಯರಾಗಿದ್ದು, 1957ರಲ್ಲಿ ಅಲ್ಲಿಂದಲೇ ಮೈಸೂರು ಹೈಕೋರ್ಟಿನ ಪೀಠವೇರಿದವರು. ಪಕ್ಷದಿಂದ ಬಂದವರು ಅದೇ ಪಕ್ಷದ ಸರ್ಕಾರಕ್ಕೆ ಒಪ್ಪಿಗೆಯಾಗದ ತೀರ್ಪು ಬರೆದರೆಂಬುದೇ ಅವರ ಹಿರಿಮೆ. 1977ರಲ್ಲಿ ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಗೆದ್ದರು. ಸೋತವರು ನಮ್ಮ ರಾಮನಗರ ಸೀಮೆಯ, ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ಆ ವರ್ಷದ ಜುಲೈಯಲ್ಲಿ ಹೆಗ್ಡೆಯವರು ಲೋಕಸಭೆಯ ಸಭಾಧ್ಯಕ್ಷರಾದರು.