ನೀರಗಂಟಿಯ ಲೆಕ್ಕ: ಆವೃತ್ತಿ ನಿಯಂತ್ರಣದಲ್ಲಿ ಮೆಮೊರಿ ಉಳಿತಾಯ

ಶಿರಾ ತಾಲ್ಲೂಕಿನ ತಾವರೆಕೆರೆ ಮಳೆ ಕಡಿಮೆ ಬೀಳುವ ಸೀಮೆ. ಇಂಥ ಸೀಮೆಯಲ್ಲಿ ಕೆರೆ ತುಂಬಿದ ವರ್ಷವೂ ತೂಬನ್ನು ಪೂರ್ತಿ ಎತ್ತುವುದಿಲ್ಲ. ಯಾವ ಗದ್ದೆಗೆ ಎಷ್ಟು ನೀರು ಎಂಬುದು ನೀರಗಂಟಿಯ ಲೆಕ್ಕ. ತಂತ್ರಾಂಶ ಬರೆಯುವವರು ಮಾಡಿದ ಪ್ರತಿ ತಿದ್ದುಪಡಿಯನ್ನೂ ಕಾದಿಡುವ ಆವೃತ್ತಿ ನಿಯಂತ್ರಣ ವ್ಯವಸ್ಥೆಗಳೂ ಐವತ್ತು ವರ್ಷಗಳಿಂದ ಜಾಗ, ಮೆಮೊರಿಗಳ ವಿಷಯದಲ್ಲಿ ಇದೇ ಲೆಕ್ಕ ಕಲಿಯುತ್ತಿವೆ.

1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಎಂಬ ಇಂಥ ವ್ಯವಸ್ಥೆಯನ್ನು ರೂಪಿಸಿದರು. ಅದು ಒಂದು ಕಡತದ ಎಲ್ಲ ಆವೃತ್ತಿಗಳ ಸಾಲುಗಳನ್ನೂ ಒಟ್ಟಿಗೆ ಹೆಣೆದಿಡುತ್ತಿತ್ತು; ಒಮ್ಮೆ ಮೊದಲಿಂದ ಕೊನೆಯವರೆಗೆ ಓದಿದರೆ ಬೇಕಾದ ಆವೃತ್ತಿ ಸಿಗುತ್ತಿತ್ತು. 1980ರ ದಶಕದ ಆರಂಭದಲ್ಲಿ ವಾಲ್ಟರ್ ಟಿಷಿ ಅವರ ಆರ್‌ಸಿಎಸ್ ಹೊಸ ಆವೃತ್ತಿಯನ್ನು ಇಡಿಯಾಗಿಯೂ ಹಳೆಯವನ್ನು ಬರೀ ವ್ಯತ್ಯಾಸಗಳಾಗಿಯೂ ಇಟ್ಟಿತು. ಸಿವಿಎಸ್, ಸಬ್‌ವರ್ಷನ್ ಕಾಲದಲ್ಲಿ ಇತಿಹಾಸದ ಭಾರವೆಲ್ಲ ಸರ್ವರ್ ಮೇಲಿತ್ತು.

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಆರಂಭಿಸಿದ ಮೇಲೆ ಆ ಭಾರ ಪ್ರತಿಯೊಬ್ಬರ ಕಂಪ್ಯೂಟರಿಗೂ ಬಂತು. ಗಿಟ್ ಹಳೆಯದನ್ನು ಒತ್ತಿ ಪ್ಯಾಕ್ ಮಾಡುವಾಗ ತಾನು ಕಾದಿಟ್ಟ ಒಂದೊಂದು ವಸ್ತುವನ್ನೂ (ಕಡತದ ಒಂದು ಆವೃತ್ತಿಯಂಥದ್ದು) ಸಾಮಾನ್ಯವಾಗಿ ಹತ್ತು ನೆರೆಯ ವಸ್ತುಗಳೊಂದಿಗೆ ಹೋಲಿಸಿ ವ್ಯತ್ಯಾಸ ಹುಡುಕುತ್ತದೆ. ಹೋಲಿಸಲು ಅವೆಲ್ಲ ಬಿಚ್ಚಿಕೊಂಡು ಮೆಮೊರಿಯಲ್ಲಿರಬೇಕು. ಕಡತ ದೊಡ್ಡದಾದಷ್ಟೂ ಯಂತ್ರ ಉಸಿರುಗಟ್ಟುತ್ತದೆ. ಹಾಗಾಗಿ ಈ ಹೋಲಿಕೆಗೆ ಮೆಮೊರಿಯ ಮಿತಿ ಹಾಕುವ ಅವಕಾಶ ಬಂತು. 512 ಎಂಬಿ ಮೀರಿದ ಕಡತಗಳನ್ನು ಹೋಲಿಕೆಯಿಂದಲೇ ಹೊರಗಿಡಲಾಯಿತು.

ಮುಂದೆ ಉಳಿತಾಯ ಎರಡು ಕವಲಾಯಿತು. ಒಂದು, ಬೇಡದ್ದನ್ನು ತರದಿರುವುದು. ವಿಂಡೋಸ್‌ನ ಮೂಲಸಂಕೇತದ ಭಂಡಾರದಲ್ಲಿ ಆಗ ಸುಮಾರು 35 ಲಕ್ಷ ಕಡತಗಳಿದ್ದವು, ಗಾತ್ರ 300 ಜಿಬಿ. 2017ರಲ್ಲಿ ಮೈಕ್ರೋಸಾಫ್ಟ್ ತಂದ ಜಿವಿಎಫ್‌ಎಸ್, ಕಡತವನ್ನು ತೆರೆದಾಗ ಮಾತ್ರ ಸರ್ವರ್‌ನಿಂದ ತರಿಸಿತು. ಬಳಿಕ ಗಿಟ್‌ನಲ್ಲೇ, ಭಂಡಾರದ ಒಂದು ಭಾಗವನ್ನಷ್ಟೇ ತರುವ ಪಾರ್ಶಿಯಲ್ ಕ್ಲೋನ್ ಬಂತು. 2020ರ ಜನವರಿಯಲ್ಲಿ, ಬೇಕಾದ ಫೋಲ್ಡರುಗಳನ್ನಷ್ಟೇ ತೆರೆದಿಡುವ ಸ್ಪಾರ್ಸ್ ಚೆಕ್‌ಔಟ್‌ಗೆ ಪ್ರತ್ಯೇಕ ಆಜ್ಞೆ ಸಿಕ್ಕಿತು. 2021ರ ಸ್ಪಾರ್ಸ್ ಇಂಡೆಕ್ಸ್, ನಮಗೆ ಬೇಡದ ಇಡೀ ಫೋಲ್ಡರನ್ನು ಗಿಟ್‌ನ ಕಡತಗಳ ಪಟ್ಟಿಯಲ್ಲಿ ಒಂದೇ ನಮೂದಾಗಿಸಿತು.

ಇನ್ನೊಂದು, ಇರುವುದನ್ನೇ ಒತ್ತಾಗಿ ಇಡುವುದು. 2018ರ ಗಿಟ್ 2.18 ಇದಕ್ಕೆ ಒಳ್ಳೆಯ ಉದಾಹರಣೆ. ಪ್ಯಾಕ್ ಮಾಡುವಾಗ ಒಂದೊಂದು ವಸ್ತುವಿಗೂ ಮೆಮೊರಿಯಲ್ಲಿ 136 ಬೈಟ್‌ಗಳ ದಾಖಲೆ ಇರುತ್ತಿತ್ತು. ನ್ಗುಯೆನ್ ಥಾಯ್ ನ್ಗೋಕ್ ಡುಯ್ ಅದರ ಅಂಕಣಗಳನ್ನು ಕಿರಿದುಗೊಳಿಸಿ, ನಡುವಿನ ಖಾಲಿ ಜಾಗ ಮುಚ್ಚುವಂತೆ ಮತ್ತೆ ಜೋಡಿಸಿ 80 ಬೈಟ್‌ಗೆ ಇಳಿಸಿದರು. ಇದೂ ಇದರ ಜೊತೆಗಿನ ತಿದ್ದುಪಡಿಗಳೂ ಸೇರಿ, ಲಿನಕ್ಸ್ ಭಂಡಾರವನ್ನು ಮರುಪ್ಯಾಕ್ ಮಾಡಲು ಬೇಕಾಗುತ್ತಿದ್ದ ಮೆಮೊರಿ 3.747 ಜಿಬಿಯಿಂದ 3.424 ಜಿಬಿಗೆ ಬಂತು. ಕೆಲಸದ ವೇಗ ತಗ್ಗಲಿಲ್ಲ.

ಸುಮಾರು ಶೇ 8.6ರ ಈ ಉಳಿತಾಯ ಸಣ್ಣದೆನ್ನಿಸಬಹುದು. ನನಗೆ ಮಾತ್ರ ಎರಡನೆಯ ಕವಲಿನ ಮೇಲೇ ಗೌರವ ಹೆಚ್ಚು. ಮೊದಲ ಕವಲು ಭಾರವನ್ನು ನೆಟ್‌ವರ್ಕ್‌ಗೆ ದಾಟಿಸುತ್ತದೆ. ಹಳೆಯ ಕಡತ ಬೇಕಾದಾಗ ಸಂಪರ್ಕ ಇರಲೇಬೇಕು. ಬೆಂಗಳೂರಿನ ಕಚೇರಿಗೆ ಅದು ಚಿಂತೆಯಲ್ಲ. ಸಿಗ್ನಲ್ ಬಂದು ಹೋಗುವ ಊರಿನಲ್ಲಿ 4 ಜಿಬಿಯ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತು ಕಲಿಯುವ ಹುಡುಗಿಗೆ ಅಲ್ಲೇ ಕೆಲಸ ನಿಲ್ಲುತ್ತದೆ. ಒಂದು ದಾಖಲೆಯಲ್ಲಿ ಉಳಿಸಿದ 56 ಬೈಟ್ ಯಾರ ಸಂಪರ್ಕವನ್ನೂ ಕೇಳುವುದಿಲ್ಲ. ಕೆರೆಯ ಕೊನೆಯ ಗದ್ದೆಗೂ ನೀರು ತಲುಪುವುದು ಕಾಲುವೆಯಲ್ಲಿ ಸೋರಿಕೆ ನಿಂತಾಗಲೇ.