ಅಟ್ಟದ ಮೇಲಿನ ಕೋವಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಗೆಂದು ಅಜ್ಜ ಲೈಸೆನ್ಸ್ ಮಾಡಿಸಿ ತಂದದ್ದು. ತೋಟಕ್ಕೆ ಬರುವ ಮಂಗ, ಗದ್ದೆಗೆ ಇಳಿಯುವ ಹಂದಿ, ಇವನ್ನು ಬೆದರಿಸುವುದು ಬಿಟ್ಟರೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವುದಷ್ಟೇ ಅದರ ಕೆಲಸ. ಅಜ್ಜ ತೀರಿಕೊಂಡಾಗ ಲೈಸೆನ್ಸೂ ಅವರ ಜೊತೆಗೇ ಮುಗಿಯಿತು. ಕೋವಿ ಮಾತ್ರ ಉಳಿಯಿತು. 2006ರಲ್ಲಿ ಪೊಲೀಸರು ಬಂದು ಅದನ್ನು ಇಳಿಸಿ, ದೊಡ್ಡಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಆಗ ನನಗೆ ಒಂಬತ್ತು ವರ್ಷ. ಐದು ವರ್ಷ ದೊಡ್ಡಪ್ಪ ವಾಯಿದೆಗೆ ಅಲೆದರು. 2011ರಲ್ಲಿ ಬಿಡುಗಡೆಯಾಯಿತು. ಯಾಕೆ ಬಿಟ್ಟರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಈಗ ಆಯುಧ ಕಾನೂನಿನ ಚರಿತ್ರೆಯೇ ನನ್ನ ಸಂಶೋಧನೆಯ ವಿಷಯ. ಹೋದ ವರ್ಷ ಆ ತೀರ್ಪಿನ ನಕಲು ತೆಗೆಸಿ ಓದಿದೆ. ಹನ್ನೊಂದು ಪುಟ. ಮಹಜರಿಗೆ ಸಹಿ ಹಾಕಿದ ಇಬ್ಬರು ಪಂಚರೂ ಕೋರ್ಟಿನಲ್ಲಿ, 'ನಾವು ಸಹಿ ಹಾಕಿದ್ದು ಠಾಣೆಯಲ್ಲಿ' ಎಂದಿದ್ದಾರೆ. ಆದರೆ ಪ್ರಕರಣ ಬಿದ್ದದ್ದು ಅದಕ್ಕಿಂತ ಹೆಚ್ಚಾಗಿ ಒಂದು ತಾರೀಖಿನಿಂದ. ಕೋವಿಯನ್ನು ಪರೀಕ್ಷಿಸಿದ ತಜ್ಞರ ವರದಿ ಬರುವುದಕ್ಕೆ ಮೊದಲೇ ಜಿಲ್ಲಾ ದಂಡಾಧಿಕಾರಿಗಳು ಮೊಕದ್ದಮೆಗೆ ಅನುಮತಿ ಕೊಟ್ಟಿದ್ದರು. ಅದು ಗುಂಡು ಹಾರಿಸಬಲ್ಲ ಆಯುಧವೋ ಅಲ್ಲವೋ ಎಂದು ತಿಳಿಯದೆ ಕೊಟ್ಟ ಅನುಮತಿ ವಿವೇಚನೆಯಿಂದ ಕೊಟ್ಟದ್ದಲ್ಲ ಎಂದು ನ್ಯಾಯಾಧೀಶರು ಬರೆದಿದ್ದಾರೆ.

1959ರ ಆಯುಧ ಕಾಯ್ದೆಯ 39ನೇ ಕಲಮಿನ ಪ್ರಕಾರ, ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡ ಆರೋಪವಿದ್ದರೆ ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಕಳ್ಳತನಕ್ಕೂ ಹೊಡೆದಾಟಕ್ಕೂ ಇಲ್ಲದ ಈ ಬೇಲಿ ಕೋವಿಗೆ ಮಾತ್ರ ಯಾಕೆ? ಹುಡುಕುತ್ತಾ ಹೋದರೆ ದಾರಿ 1857ಕ್ಕೆ ಮುಟ್ಟುತ್ತದೆ.

ಆ ವರ್ಷ ಬ್ರಿಟಿಷರು ತಂದ ನಿಶ್ಶಸ್ತ್ರೀಕರಣದ ಕಾನೂನನ್ನು ನಾವು ಹಲಗಲಿಯ ಹೆಸರಿನೊಂದಿಗೆ ನೆನೆಯುತ್ತೇವೆ. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಆ ಊರಿನ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರನ್ನು ಸುಟ್ಟರು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಲಾವಣಿಯಿಂದಾಗಿ ಇಷ್ಟು ನಮಗೆಲ್ಲ ಗೊತ್ತು. ಬೆಂಕಿ ಆರಿದ ಮೇಲೆ ಆ ಗುಮಾನಿ ಕಾನೂನಿನ ಕಲಮುಗಳೊಳಗೆ ಸೇರಿಕೊಂಡದ್ದರ ಬಗ್ಗೆ ಲಾವಣಿ ಕಟ್ಟಿದವರಿಲ್ಲ.

1878ರಲ್ಲಿ, ಲಿಟ್ಟನ್ ವೈಸರಾಯ್ ಆಗಿದ್ದಾಗ, ಹೊಸ ಆಯುಧ ಕಾಯ್ದೆ ಬಂತು. ಅದರ 29ನೇ ಕಲಮು ದೇಶವನ್ನು ಎರಡು ಪಾಲು ಮಾಡಿತು. ದಂಗೆಯ ನಂತರ, 1860ರ ಕಾಯ್ದೆಯಡಿ ಸಾಮೂಹಿಕವಾಗಿ ಆಯುಧ ಕಸಿದುಕೊಂಡಿದ್ದ ಪ್ರದೇಶಗಳಲ್ಲಿ ಕೋವಿ ಸಿಕ್ಕರೆ ನೇರವಾಗಿ ಮೊಕದ್ದಮೆ. ಉಳಿದ ಕಡೆ ಮೊದಲು ಜಿಲ್ಲಾ ದಂಡಾಧಿಕಾರಿಯ ಅನುಮತಿ. ಅಂದರೆ ಅನುಮತಿ ಎನ್ನುವುದು ಸರ್ಕಾರ ನಂಬಿದ ನೆಲದವರಿಗೆ ಸಿಕ್ಕ ರಿಯಾಯಿತಿ. ದಂಗೆಯೆದ್ದವರ ಮೊಮ್ಮಕ್ಕಳಿಗೆ ಅದಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಈ ಭೇದ ಉಳಿದಿತ್ತು. ಜಿಯಾಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ತೆಗೆದುಹಾಕಿದ್ದು 1962ರಲ್ಲಿ. ಅದೇ ವರ್ಷ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅನುಮತಿಯ ಬೇಲಿ ಎಲ್ಲರಿಗೂ ಬಂತು. ದೊಡ್ಡಪ್ಪ ಮನೆಗೆ ಬಂದದ್ದು ಆ ಬೇಲಿಯಿಂದಾಗಿ.

ನಂಬಿಕೆಯ ಇನ್ನೊಂದು ತುದಿಯೂ ನಮ್ಮಲ್ಲೇ ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಇವತ್ತಿಗೂ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದಿನಂದು ಪೂಜೆಗೊಳ್ಳುವ ಕೋವಿಯಂಥದ್ದೇ ಕೋವಿ ನಮ್ಮ ಊರಿನಲ್ಲಿ ಮುದ್ದೆಮಾಲು. ವ್ಯತ್ಯಾಸ ಕೋವಿಯಲ್ಲಿ ಇಲ್ಲ, ನೂರೈವತ್ತು ವರ್ಷಗಳ ಹಿಂದೆ ಯಾರನ್ನು ನಂಬಿದರು ಎಂಬುದರಲ್ಲಿ ಇದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಮಾಧಾನದ ಕಥೆಯಾಗುತ್ತಿತ್ತು. ಆದರೆ ಅದೇ ಕೋರ್ಟಿನ, ಅದೇ ಕಾಲದ ಇನ್ನೊಂದು ಕಡತವನ್ನೂ ಓದಿದೆ. ಕಾಡಂಚಿನಲ್ಲಿ ನಾಡಕೋವಿಯೊಂದಿಗೆ ಸಿಕ್ಕಿಬಿದ್ದ ಒಬ್ಬ ಕೂಲಿಕಾರ. ಜಾಮೀನು ಸಿಕ್ಕಿತ್ತು, ಜಾಮೀನು ನಿಲ್ಲುವವರು ಸಿಗಲಿಲ್ಲ. ಏಳು ತಿಂಗಳು ಜೈಲಿನಲ್ಲಿದ್ದು, ಆರೋಪ ಓದಿ ಹೇಳಿದ ದಿನವೇ ತಪ್ಪೊಪ್ಪಿಕೊಂಡ. ಆಗಿನ ಕಾನೂನಿನಲ್ಲಿ ಈ ಅಪರಾಧಕ್ಕೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಶಿಕ್ಷೆ. ಸಮರ್ಪಕವಾದ, ವಿಶೇಷವಾದ ಕಾರಣಗಳನ್ನು ತೀರ್ಪಿನಲ್ಲಿ ಬರೆದರೆ ಮಾತ್ರ ಅದಕ್ಕಿಂತ ಕಡಿಮೆ ಕೊಡಬಹುದು. ಬಡವ, ದುಡಿಯುವವನು ಮನೆಗೆ ಒಬ್ಬನೇ, ಹಿಂದೆ ಯಾವ ಅಪರಾಧವೂ ಇಲ್ಲ ಎಂದು ಕಾರಣ ಬರೆದು, ಜೈಲಿನಲ್ಲಿ ಕಳೆದ ಅವಧಿಯನ್ನೇ ಶಿಕ್ಷೆಯಾಗಿ ಪರಿಗಣಿಸಿ ಬಿಟ್ಟರು. ದಯೆಯ ತೀರ್ಪೇ. ಒಂದೂವರೆ ಪುಟ.

ಆ ಕಡತದಲ್ಲೂ ಅನುಮತಿ ಆದೇಶವಿತ್ತು. ದೊಡ್ಡಪ್ಪನದ್ದರ ಹಾಗೆಯೇ ಅಚ್ಚು ಹಾಕಿದಂಥ ನಾಲ್ಕು ಸಾಲು. ಅದರ ತಾರೀಖನ್ನು ಯಾರೂ ನೋಡಲಿಲ್ಲ. ತಪ್ಪೊಪ್ಪಿಕೊಂಡವನ ಕಡತವನ್ನು ಯಾರು ತಿರುವಿ ಹಾಕುತ್ತಾರೆ? ನಾನು ನೋಡಿದೆ. ಅದೂ ತಜ್ಞರ ವರದಿಗಿಂತ ಮೊದಲಿನದೇ.

ಒಂದು ಮಾತು ಒಪ್ಪಿಕೊಳ್ಳಬೇಕು. ಅಟ್ಟದ ಮೇಲೆ ಕೋವಿ ಇರುವುದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಮ್ಮೆ ಎಣ್ಣೆ ಹಾಕಿ ಒರೆಸುತ್ತಿದ್ದವರೇ ಅವರು. ಲೈಸೆನ್ಸುದಾರ ತೀರಿಕೊಂಡ ಮೇಲೆ ತಡಮಾಡದೆ ಅದನ್ನು ಠಾಣೆಯಲ್ಲೋ ಲೈಸೆನ್ಸುಳ್ಳ ಅಂಗಡಿಯಲ್ಲೋ ಒಪ್ಪಿಸಬೇಕಿತ್ತು. ತಪ್ಪು ಇಬ್ಬರದೂ ಒಂದೇ. ದೊಡ್ಡಪ್ಪನಿಗೆ ವಕೀಲರಿದ್ದರು, ಐದು ವರ್ಷ ಕಾಯುವುದಕ್ಕೆ ತೋಟವಿತ್ತು. ಒಂದು ಕಾಲಕ್ಕೆ ನೆಲ ನೋಡಿ ಕೊಟ್ಟಿದ್ದ ರಿಯಾಯಿತಿ ಈಗ ಕಾನೂನಿನಲ್ಲಿ ಎಲ್ಲರದು. ಕೋರ್ಟಿನಲ್ಲಿ ಅದು ಕಾಯಬಲ್ಲವರದ್ದು.

2019ರ ತಿದ್ದುಪಡಿ ಈ ಶಿಕ್ಷೆಯನ್ನು ಕನಿಷ್ಠ ಎರಡು, ಗರಿಷ್ಠ ಐದು ವರ್ಷಕ್ಕೆ ಏರಿಸಿದೆ. ಶಿಕ್ಷೆ ಹೆಚ್ಚಿದಷ್ಟೂ ಕಾಯಬಲ್ಲವರು ಇನ್ನಷ್ಟು ಹಟ ಹಿಡಿದು ಕಾದಾರು. ಕಾಯಲಾಗದವರು ವಿಶೇಷ ಕಾರಣದ ಒಂದು ಸಾಲಿಗೆ ಕೈಮುಗಿದು ನಿಲ್ಲಬೇಕು.

ತೀರ್ಪಿನ ಕೊನೆಯಲ್ಲಿ, ಕೋವಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬೇಕು ಎಂದಿದೆ. ಇಷ್ಟನ್ನೂ ದೊಡ್ಡಪ್ಪನಿಗೆ ಓದಿ ಹೇಳಿದೆ. ತಾರೀಖಿನ ವಿಷಯ ಕೇಳಿ ನಕ್ಕರು. ಕೂಲಿಕಾರನ ಕಥೆಗೆ ನಗಲಿಲ್ಲ. 'ಅವನು ನನ್ನ ಜೊತೆ ಒಂದು ರಾತ್ರಿ ಠಾಣೆಯಲ್ಲಿದ್ದ ಮಾರಾಯ್ತಿ' ಎಂದರು, 'ನಮ್ಮ ವಕೀಲರಿಗೆ ಒಂದು ಮಾತು ಹೇಳಬಹುದಿತ್ತು.'