ರಿವರ್ಬ್ (ಆರ್ಗನ್ ಸ್ಪೀಕರ್‌ಗಳಲ್ಲಿ)

ಗೋಡೆ, ಚಾವಣಿಗಳಿಗೆ ತಾಗಿ ಮರಳುವ ನಾದದ ಅನುರಣನವನ್ನು ಕೃತಕವಾಗಿ ಮೂಡಿಸುವ ವ್ಯವಸ್ಥೆ. 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ ಚಿಕ್ಕ ಕೋಣೆಗಳಲ್ಲಿ ನುಡಿದಾಗ ಚರ್ಚಿನ ಗಾಂಭೀರ್ಯ ಸಿಗುತ್ತಿರಲಿಲ್ಲ. ಆ ಕೊರತೆ ನೀಗಲು ಸ್ಪೀಕರ್ ಪೆಟ್ಟಿಗೆಯೊಳಗೆ ಸ್ಪ್ರಿಂಗ್ ರಿವರ್ಬ್ ಅಳವಡಿಸಲಾಯಿತು.

ಕಾರ್ಯವಿಧಾನ: ವಿದ್ಯುತ್ ಸಂಕೇತವು ಸುರುಳಿಯ ಮೂಲಕ ಸ್ಪ್ರಿಂಗಿನ ಒಂದು ತುದಿ ಕಂಪಿಸುವಂತೆ ಮಾಡುತ್ತದೆ. ಕಂಪನ ತಡವಾಗಿ ಇನ್ನೊಂದು ತುದಿ ಮುಟ್ಟಿ, ಹಿಂದೆ ಮುಂದೆ ಓಡಾಡುತ್ತ ಕ್ರಮೇಣ ನಂದುತ್ತದೆ.

ಬದಲಾವಣೆ: ಕೂದಲೆಳೆಯಂಥ ಸುರುಳಿತಂತಿ ಕಡಿದಾಗ ಅಥವಾ ಸ್ಪ್ರಿಂಗ್ ಜೋತಾಗ ಡಿಜಿಟಲ್ ರಿವರ್ಬ್ ಕೂಡಿಸುತ್ತಾರೆ. ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ಇದರ ಗಣಿತಕ್ಕೆ ಅಡಿಪಾಯ ಹಾಕಿದರು. ಸ್ಪ್ರಿಂಗಿನಿಂದ ಹೊರಬರುವ ಸಂಕೇತ ಕೆಲವೇ ಮಿಲಿವೋಲ್ಟ್. ಡಿಜಿಟಲ್ ಘಟಕದ್ದು ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ರೆಸಿಸ್ಟರ್‌ಗಳಿಂದ ಮಟ್ಟ ತಗ್ಗಿಸಬೇಕು; ಮೂಲನಾದ ಬೆರೆಸದೆ ಅನುರಣನವನ್ನಷ್ಟೇ ಹೊರಬಿಡಬೇಕು. ಈ ಕೆಲಸದಲ್ಲಿ ಎಚ್ಚರ ಬೇಕು: ವಾಲ್ವ್ ಆಂಪ್ಲಿಫೈಯರ್‌ನ ಕೆಪಾಸಿಟರ್‌ಗಳಲ್ಲಿ ಸ್ವಿಚ್ ಆರಿಸಿದ ಮೇಲೂ ಪ್ರಾಣಾಂತಿಕ ವಿದ್ಯುತ್ ಉಳಿದಿರಬಹುದು. ಹಳೆಯ ಸ್ಪ್ರಿಂಗ್ ಘಟಕವನ್ನು ಬಿಸಾಡದೆ ಉಳಿಸುವುದೇ ಉತ್ತಮ ಪದ್ಧತಿ: ಅದರ ಲೋಹದ ಝೇಂಕಾರವೇ ಆ ವಾದ್ಯದ ಗುರುತು.

ಕೊಪ್ಪಳ ಸೀಮೆಯಲ್ಲಿ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಜಾತ್ರೆಯ ನಾಟಕ, ಭಜನೆಗಳಲ್ಲಿ ಆರ್ಗನ್ನಿನ ಸ್ಥಾನ ಹಾರ್ಮೋನಿಯಂನದು. ಬಯಲಿನಲ್ಲಿ ನಾದ ಮರಳಿಸುವ ಗೋಡೆಗಳಿಲ್ಲ. ಮೈಕ್ ಸೆಟ್ಟಿನ ಮಿಕ್ಸರ್‌ನಲ್ಲಿರುವ ‘ಎಕೋ’ ಗುಂಡಿ ಡಿಜಿಟಲ್ ಸರ್ಕ್ಯೂಟಿನಿಂದ ಆ ಕೆಲಸ ಮಾಡುತ್ತದೆ. ರಂಗಗೀತೆಗೆ ಅದು ತುಂಬುತನ ಕೊಡುತ್ತದೆ. ಮಾತು ಆರಂಭವಾದಾಗ ತಗ್ಗಿಸದಿದ್ದರೆ ಸಂಭಾಷಣೆ ಕಲಸಿಹೋಗುತ್ತದೆ.